ಈ ಸಲದ ನನ್ನ ದಸರಾ ರಜೆ

ದಸರಾ ರಜೆಗೆ ಇನ್ನು 12 ದಿನ ಮಾತ್ರ ಉಳಿದಿದೆ. ಪರೀಕ್ಷೆ ಮುಗಿದರೆ ಆಯಿತು. ಹೋದ ವಾರ ನಮ್ಮ ಕನ್ನಡ ಮೇಷ್ಟ್ರು "ರಜೆಯಲ್ಲಿ ಯಾರ್ಯಾರು ಏನೇನು ಮಾಡ್ತೀರಿ ಹೇಳಿ" ಎಂದು ಕೇಳಿದರು. ಕೆಲವರು ಮೈಸೂರಿಗೆ ಜಂಬೂ ಸವಾರಿ ನೋಡಲು ಹೋಗುತ್ತಾರಂತೆ. ಕೆಲವರು ಬೆಂಗಳೂರಿನ ಚಿಕ್ಕಪ್ಪನ ಮನೆಗೆ ಹೋಗುತ್ತಾರಂತೆ. ನನ್ನ ಸರದಿ ಬಂದಾಗ ಅಭ್ಯಾಸದಂತೆ "ಅಜ್ಜಿ ಮನೆಗೆ ಸಾರ್" ಎಂದುಬಿಟ್ಟೆ. ಪಕ್ಕದಲ್ಲಿ ಕೂತಿದ್ದವನು "ಲೇ, ನಿಮ್ಮಜ್ಜಿ ನಿಮ್ಮನೇಲೇ ಅವ್ರಲ್ಲೋ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅದೇ ಯೋಚನೆಯಾಯಿತು. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಅಜ್ಜಿ ಎಂದರೆ ನಮ್ಮ ಅವ್ವನ ತಾಯಿ. ಅವಳ ಊರು ನಾಗಮಂಗಲದ ಕಡೆ. ನಮ್ಮೂರಿನ ಹಾಗೆ ಅದು ನಾಲೆ ನೀರಿನ ಊರಲ್ಲ. ನಮಗೆ ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಬರುತ್ತದೆ, ಕಬ್ಬು ಭತ್ತ ಬೆಳೆಯುತ್ತೇವೆ. ಅಲ್ಲಿ ಮಳೆ ಬಂದರೆ ರಾಗಿ, ಬರದಿದ್ದರೆ ಇಲ್ಲ. ದಸರಾ ಹೊತ್ತಿಗೆ ರಾಗಿ ಹೊಲ ಹಸಿರಾಗಿ ನಿಂತಿರುತ್ತದೆ. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು ಇರುತ್ತವೆ. ಹುಚ್ಚೆಳ್ಳಿನ ಹಳದಿ ಹೂವಿನ ತುಂಬ ಜೇನುನೊಣ. ನಾನು ಒಂದನೇ ತರಗತಿಯಿಂದ ಎಲ್ಲ ದಸರಾ ರಜೆಯನ್ನೂ ಅಲ್ಲೇ ಕಳೆದಿದ್ದೇನೆ. ಅಜ್ಜಿ ಮಾಡುವ ಹುಚ್ಚೆಳ್ಳು ಚಟ್ನಿಪುಡಿ ಇದ್ದರೆ ನನಗೆ ಮೂರು ರೊಟ್ಟಿಯೂ ಸಾಲದು.

ಯುಗಾದಿ ಕಳೆದ ವಾರ ಅಜ್ಜಿ ಕೊಟ್ಟಿಗೆಯಲ್ಲಿ ಜಾರಿಬಿದ್ದಳು. ಬಿದ್ದ ಎಷ್ಟೋ ಹೊತ್ತಿನ ಮೇಲೆ ಪಕ್ಕದ ಮನೆಯವರು ನೋಡಿದರಂತೆ. ಸೊಂಟದ ಹತ್ತಿರ ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ರಾಡ್ ಹಾಕಿದರು. ಆಮೇಲೆ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಹಸುವನ್ನು ಪಕ್ಕದ ಮನೆಯವರಿಗೆ ವಾರಕ್ಕೆ ಕೊಟ್ಟೆವು. ಮನೆಗೆ ಬೀಗ ಹಾಕಿದೆವು. ಬೀಗದ ಕೈ ಅಜ್ಜಿಯ ಸೆರಗಿನ ತುದಿಯಲ್ಲಿದೆ. ಸೀರೆ ಬದಲಾಯಿಸಿದಾಗ ಅದೂ ಬದಲಾಗುತ್ತದೆ.

ಅಜ್ಜಿ ಬಂದಿದ್ದು ನನಗಂತೂ ಬಹಳ ಖುಷಿ. ಆದರೆ ಅವಳಿಗೆ ಖುಷಿ ಇಲ್ಲ. ನಮ್ಮಪ್ಪ ಎಷ್ಟೇ ಚೆನ್ನಾಗಿ ನೋಡಿಕೊಂಡರೂ "ಮಗಳ ಮನೇಲಿ ಎಷ್ಟು ದಿನಾಂತ ಕೂತ್ಕಂಡು ಉಣ್ಲಿ" ಎನ್ನುತ್ತಾಳೆ. ಅಪ್ಪ ಮನೆಗೆ ಬಂದರೆ ಸಾಕು, ಮಂಚದಿಂದ ಎದ್ದು ಕೂರಲು ಒದ್ದಾಡುತ್ತಾಳೆ. ಅಪ್ಪ "ಮಲಗವ್ವ, ನಾನೇನು ಹೊರಗಿನವನಾ" ಎಂದರೂ ಕೇಳುವುದಿಲ್ಲ.

ಭಾದ್ರಪದ ಬಂದ ಮೇಲೆ ಅವಳ ಚಿಂತೆ ಜಾಸ್ತಿಯಾಯಿತು. ನಿಮಗೆಲ್ಲ ಗೊತ್ತಿರುವಂತೆ ನವರಾತ್ರಿಗೆ ಮುಂಚೆ ಮಹಾಲಯ ಅಮಾವಾಸ್ಯೆ ಬರುತ್ತದೆ. ಹಿರಿಯರಿಗೆ ಎಡೆ ಇಡುವ ಹಬ್ಬ. ನಮ್ಮ ತಾತ ತೀರಿಕೊಂಡು ಆರು ವರ್ಷವಾಯಿತು. ಪ್ರತಿ ವರ್ಷ ತಾತನ ಫೋಟೋ ಮುಂದೆ ಹೊಸ ಪಂಚೆ ಇಟ್ಟು, ಒಬ್ಬಟ್ಟು, ವಡೆ, ಪಾಯಸ ಎಲ್ಲ ಬಾಳೆ ಎಲೆಗೆ ಬಡಿಸುತ್ತಿದ್ದರು. ಒಂದು ಕಟ್ಟು ಬೀಡಿಯನ್ನೂ ಇಡುತ್ತಿದ್ದರು. (ಗುರುಗಳು ಕ್ಷಮಿಸಬೇಕು, ತಾತನಿಗೆ ಇಷ್ಟ ಇದ್ದದ್ದನ್ನು ಇಡಬೇಕಲ್ಲ.) ಧೂಪ ಹಾಕಿ ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಜಗಲಿಯ ಮೇಲೆ ಸುಮ್ಮನೆ ಕೂರುತ್ತಿದ್ದೆವು. ಒಳಗೆ ಹಿರಿಯರು ಬಂದು ಊಟ ಮಾಡುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದಳು. ಚಿಕ್ಕವನಾಗಿದ್ದಾಗ ನಾನು ಬಾಗಿಲ ಸಂದಿಯಲ್ಲಿ ಇಣುಕಿ ಬೈಸಿಕೊಂಡಿದ್ದೇನೆ.

ಈ ಸಲ ಎಡೆ ಎಲ್ಲಿ ಇಡುವುದು? ಅಪ್ಪ ನಮ್ಮ ಮನೆಯಲ್ಲೇ ಇಡೋಣ ಎಂದರು. "ಅಳಿಯನ ಮನೇಲಿ ಅವ್ರಿಗೆ ಎಡೆ ಇಡೋದುಂಟಾ?" ಎಂದಳು ಅಜ್ಜಿ. ಬೆಂಗಳೂರಿನಲ್ಲಿ ಕೆಲಸ ಮಾಡುವ ಸೋದರಮಾವ ಫೋನ್ ಮಾಡಿ, ತನಗೆ ರಜೆ ಸಿಗುವುದು ಕಷ್ಟ, ತಾನಿರುವ ಮನೆಯಲ್ಲೇ ಎಡೆ ಇಡುತ್ತೇನೆ ಎಂದರು. ಅಜ್ಜಿ ಫೋನಿನಲ್ಲಿ "ಆಯ್ತಪ್ಪ" ಎಂದಳು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ "ಆ ಬಾಡಿಗೆ ಮನೆಗೆ ದಾರಿ ಗೊತ್ತೇನ್ಲಾ ನಿಮ್ ತಾತಂಗೆ? ಬೆಂಗಳೂರ್ನೇ ಕಂಡೋರಲ್ಲ ಅವ್ರು" ಎಂದಳು. ರಾತ್ರಿ ಊಟ ಮಾಡಲಿಲ್ಲ.

ಮಾರನೆಯ ದಿನ ನಾನು ಅವ್ವನ ಮೊಬೈಲಿನಿಂದ ಯಾರಿಗೂ ಹೇಳದೆ ಮಾವನಿಗೆ ಫೋನ್ ಮಾಡಿದೆ. ಅಜ್ಜಿ ಹೇಳಿದ ಮಾತನ್ನು ಹಾಗೇ ಹೇಳಿದೆ. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಬರಬೌದು ಕಣೋ. ಆದ್ರೆ ಐದ್ ತಿಂಗಳಿಂದ ಬೀಗ ಹಾಕಿರೋ ಮನೆ. ಹೆಂಚು ಬೇರೆ ಒಡೆದು ಸೋರ್ತದೆ. ಯಾರು ಗುಡ್ಸಿ ಸಾರ್ಸೋರು?" ಎಂದರು. "ನಾನು ಮಾಡ್ತೀನಿ ಮಾವ, ನಂಗೆ ರಜಾ ಇದೆ" ಎಂದೆ. ಸಂಜೆ ಮಾವನೇ ಅಜ್ಜಿಗೆ ಫೋನ್ ಮಾಡಿ, ಆಯುಧ ಪೂಜೆಗೆ ಬರದಿದ್ದರೂ ಅಮಾವಾಸ್ಯೆಗೆ ಬರುತ್ತೇನೆ ಎಂದರು. ಅಜ್ಜಿ ಅವತ್ತು ಎರಡು ಮುದ್ದೆ ಉಂಡಳು.

ಹೀಗಾಗಿ ನನ್ನ ರಜೆಯ ಕಾರ್ಯಕ್ರಮ ಗೊತ್ತಾಯಿತು. ಹಬ್ಬದ ಹಿಂದಿನ ದಿನ ಅಪ್ಪನೂ ನಾನೂ ಹೋಗಿ ಬೀಗ ತೆಗೆದು, ಧೂಳು ಹೊಡೆದು, ನೆಲ ಸಾರಿಸಿ, ಹೆಂಚು ಕೈಯಾಡಿಸಬೇಕು. ಮಾರನೆಯ ದಿನ ಅವ್ವ ಅಜ್ಜಿಯನ್ನು ಕರೆತರುತ್ತಾಳೆ. ಅಪ್ಪ ಆಟೋ ಮಾಡೋಣ ಎಂದರೆ ಅಜ್ಜಿ "ದುಡ್ ದಂಡ, ಬಸ್ಸೇ ಸಾಕು" ಎಂದು ಹಟ ಹಿಡಿದಿದ್ದಾಳೆ. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವಲ್ಲ.

ಆದರೆ ಬಸ್ಸಿನ ಮೆಟ್ಟಿಲು ಎತ್ತರ. ಅದಕ್ಕೆ ದಿನಾ ಸಂಜೆ ನಾನು ಅಜ್ಜಿಗೆ ಅಭ್ಯಾಸ ಮಾಡಿಸುತ್ತಿದ್ದೇನೆ. ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ವಾಕರ್ ಹಿಡಿದು ಬಾಗಿಲಿನಿಂದ ಹಲಸಿನ ಮರದ ತನಕ ನಡೆಯುತ್ತಾಳೆ. ಮೊದಮೊದಲು ಹತ್ತು ಹೆಜ್ಜೆಗೇ ಸುಸ್ತಾಗುತ್ತಿತ್ತು. ನಿನ್ನೆ 62 ಹೆಜ್ಜೆ ನಡೆದಳು. ನಮ್ಮ ಜಗಲಿಯ ಎರಡು ಮೆಟ್ಟಿಲನ್ನು ನನ್ನ ಹೆಗಲು ಹಿಡಿದು ಹತ್ತಿದಳು. ಮೂರನೆಯದು ಬಾಕಿ ಇದೆ.

ಒಂದು ಹೆದರಿಕೆಯೂ ಇದೆ. ಬಾಗಿಲು ತೆಗೆದು ಒಳಗೆ ಹೋದ ಮೇಲೆ ಅಜ್ಜಿ "ಇಲ್ಲೇ ಇರ್ತೀನಿ" ಎಂದರೆ ಏನು ಮಾಡುವುದು? ಅಲ್ಲಿ ಒಬ್ಬಳೇ ಮತ್ತೆ ಬಿದ್ದರೆ? ಅವ್ವನೂ ಅಪ್ಪನೂ ರಾತ್ರಿ ಇದನ್ನೇ ಮಾತಾಡಿಕೊಳ್ಳುತ್ತಾರೆ. ನನಗಂತೂ ಎರಡು ಮನಸ್ಸು. ಅವಳು ಅವಳ ಮನೆಯಲ್ಲೇ ಇರಬೇಕು ಅನಿಸುತ್ತದೆ, ನಮ್ಮ ಮನೆಯಿಂದ ಹೋಗಲೂಬಾರದು ಅನಿಸುತ್ತದೆ.

ವಾಪಸ್ ಬಂದರೆ ವಿಜಯದಶಮಿ ದಿನ ಇಬ್ಬರೂ ಟಿವಿಯಲ್ಲಿ ಜಂಬೂ ಸವಾರಿ ನೋಡುತ್ತೇವೆ. ಅಜ್ಜಿ ಚಿಕ್ಕವಳಿದ್ದಾಗ ಅವಳಪ್ಪನ ಹೆಗಲ ಮೇಲೆ ಕೂತು ಅದನ್ನು ನೋಡಿದ್ದಳಂತೆ. ಆಗ ಅಂಬಾರಿಯಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅವರೇ ಕೂರುತ್ತಿದ್ದರು. ಈಗ ಚಾಮುಂಡೇಶ್ವರಿ ತಾಯಿಯ ವಿಗ್ರಹ ಇರುತ್ತದೆ. ಅಂಬಾರಿ 750 ಕೆಜಿ ತೂಕ ಎಂದು ನಾನು ಹೇಳಿದರೆ "ಪಾಪ ಆನೆ" ಎಂದಳು.

ಗೆಳೆಯ ಗೆಳತಿಯರಲ್ಲಿ ಒಂದು ವಿನಂತಿ. ಅಜ್ಜಿ ಮನೆಯಲ್ಲಿ ಹತ್ತು ಹೆಂಚು ಒಡೆದಿವೆಯಂತೆ. ಯಾರ ಮನೆಯ ಹಿತ್ತಲಲ್ಲಾದರೂ ಹಳೆಯ ಮಂಗಳೂರು ಹೆಂಚು ಮಿಕ್ಕಿದ್ದರೆ ದಯವಿಟ್ಟು ನನಗೆ ಹೇಳಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಅಜ್ಜಿ ಮೂರನೆಯ ಮೆಟ್ಟಿಲು ಹತ್ತಿದಳೋ ಇಲ್ಲವೋ, ವಾಪಸ್ ಬಂದಳೋ ಇಲ್ಲವೋ, ರಜೆ ಮುಗಿದ ಮೇಲೆ ಇದೇ ಗೋಡೆಯಲ್ಲಿ ಬರೆಯುತ್ತೇನೆ.

ಎಲ್ಲರಿಗೂ ದಸರಾ ಹಬ್ಬದ ಶುಭಾಶಯಗಳು.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ