ಚೀಲದ ನಾಲ್ಕನೆಯ ಜೇಬು



ಕಳೆದ ಮಳೆಗಾಲದಲ್ಲಿ ಆರಾಧನೆ ಮುಗಿದ ಮೇಲೆ ನಮ್ಮಲ್ಲಿ ಏಳು ಮಂದಿ ಹಾಲಿನ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಒಳಗಿನಿಂದ ವಾರ್ನಿಷ್ ವಾಸನೆ ಬರುತ್ತಿತ್ತು, ಕೋಳಿ ಗರಿ ಹಾರುತ್ತಿತ್ತು. ಏನು ನಡೀತಿದೆ ಎಂದು ಅನೇಕರು ಕೇಳಿದಿರಿ. ಅದಕ್ಕೆ ಉತ್ತರ ಇದು. ಇದರಲ್ಲಿ ನಮ್ಮ ತಪ್ಪೊಂದಿದೆ. ಅದನ್ನೂ ಬಿಡದೆ ಬರೆಯಿರಿ ಎಂದು ತಾತನೇ ಹೇಳಿದ್ದಾರೆ.

ತಾತ ಎಂದರೆ ಎಡಗಡೆಯ ಎರಡನೇ ಬೆಂಚಿನಲ್ಲಿ ಕೂರುವ ನಮ್ಮ ಸಭೆಯ ಹಿರಿಯರು. ಅವರ ತಂದೆ, ಮೀನು ಹಿಡಿಯಲು ಬರುತ್ತಿದ್ದ ಎಸ್ಟೇಟಿನ ದೊರೆಗಳ ಸಾಮಾನು ಹೊತ್ತು ಹೊಳೆಗೆ ಹೋಗುತ್ತಿದ್ದವರು. ಒಬ್ಬ ದೊರೆ ಊರು ಬಿಡುವಾಗ ತನ್ನ ಗಾಳದ ಕೋಲನ್ನು ಅವರಿಗೆ ಕೊಟ್ಟುಹೋದ. ತಾತ ಅದನ್ನು ನಮ್ಮ ಮುಂದೆ ಇಟ್ಟು, "ಮೊಬೈಲು ಒಂದು ಗಂಟೆ ಬಿಟ್ಟು ಇದನ್ನ ಸರಿಮಾಡಿ, ನೋಡೋಣ" ಅಂದರು.

ನಮ್ಮ ನೀಲಗಿರಿಯ ಹೊಳೆಗಳಲ್ಲಿ ಟ್ರೌಟ್ ಮೊದಲಿನಿಂದ ಇದ್ದ ಮೀನಲ್ಲ. ಬ್ರಿಟಿಷರು 19ನೇ ಶತಮಾನದಲ್ಲೇ ಅದನ್ನು ತಂದು ಬಿಡಲು ಹಲವು ಸಲ ನೋಡಿ ಸೋತರು. 1907ರಲ್ಲಿ ಎಚ್. ಸಿ. ವಿಲ್ಸನ್ ಎಂಬುವರು ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರ ಶುರುಮಾಡಿದ ಮೇಲೆ ಅದು ಇಲ್ಲಿ ನೆಲೆ ನಿಂತಿತು. ಟ್ರೌಟ್ ನೀರಿನ ಹುಳು, ನೊಣಗಳನ್ನು ತಿನ್ನುತ್ತದೆ. ಆದ್ದರಿಂದ ಗಾಳಕ್ಕೆ ಎರೆಹುಳ ಸಿಕ್ಕಿಸುವುದಿಲ್ಲ. ಗರಿ, ದಾರ, ಉಣ್ಣೆ ಸುತ್ತಿ ಗಾಳವನ್ನೇ ನೊಣದಂತೆ ಮಾಡುತ್ತಾರೆ. ಇದಕ್ಕೆ ಫ್ಲೈ ಎಂದು ಹೆಸರು.

ಕೋಲನ್ನು ಮೊದಲ ಸಲ ನೋಡಿದಾಗ ನಮಗೆ ಅದು ಬಿದಿರು ಅನಿಸಲೇ ಇಲ್ಲ. ಸೀಸದ ಕಡ್ಡಿಯಂತೆ ಆರು ಮೂಲೆ. ಬಿದಿರನ್ನು ಉದ್ದುದ್ದ ಸೀಳಿ, ಒಂದೊಂದು ಸೀಳನ್ನೂ ಮೂರು ಮೂಲೆ ಬರುವಂತೆ ಹೆರೆದು, ಆರನ್ನು ಜೋಡಿಸಿ ಅಂಟು ಹಾಕಿರುತ್ತಾರೆ. ಗಟ್ಟಿ ನಾರಿರುವ ಸಿಪ್ಪೆಯ ಭಾಗ ಹೊರಗೇ ಉಳಿಯುತ್ತದೆ. ಮೊದಮೊದಲು ಇದಕ್ಕೆ ಕಲ್ಕತ್ತಾ ಬಂದರಿನಿಂದ ಹಡಗೇರಿದ ನಮ್ಮ ದೇಶದ ಬಿದಿರನ್ನೇ ಬಳಸುತ್ತಿದ್ದರಂತೆ. ಆಮೇಲೆ ಚೀನಾದ ಗುವಾಂಗ್‌ಡಾಂಗ್ ಕಡೆಯ ಟೊಂಕಿನ್ ಬಿದಿರು ಬಂತು.

ಕೋಲಿನಲ್ಲಿ ಮೂರು ತುಂಡು: ಬುಡ, ನಡು, ತುದಿ. ಬಟ್ಟೆ ಚೀಲದಲ್ಲಿ ಮಾತ್ರ ನಾಲ್ಕು ಜೇಬು. ಒಂದು ಖಾಲಿ. ಯಾಕೆ ಎಂದು ಕೇಳಿದ್ದಕ್ಕೆ ತಾತ ಉತ್ತರ ಕೊಡಲಿಲ್ಲ.

ಕೆಲಸ ನಿಧಾನ. ಪುಡಿಯಾಗುತ್ತಿದ್ದ ಹಳೆಯ ರೇಷ್ಮೆ ಸುತ್ತನ್ನು ಬಿಚ್ಚುವ ಮೊದಲು ಪ್ರತಿ ಉಂಗುರ ಎಲ್ಲಿತ್ತೆಂದು ಅಳೆದು ಬರೆದುಕೊಂಡೆವು. ವಾರ್ನಿಷನ್ನು ಉಗುರಿನಿಂದ, ಮೊಂಡು ಚಾಕುವಿನಿಂದ ಎಬ್ಬಿಸಿದೆವು. ಉಪ್ಪುಕಾಗದ ಹಾಕಿ ಉಜ್ಜಿದರೆ ನಾರೇ ಹೋಗುತ್ತದೆ ಎಂದು ತಾತ ಬೈದರು. ತುದಿ ಒಂದು ಕಡೆಗೆ ಬಾಗಿತ್ತು. "ಉರಿಯಿಂದ ಮೇಲೆ ಎತ್ತಿ ಹಿಡೀಬೇಕು, ತಿರುಗಿಸ್ತಾನೇ ಇರಬೇಕು, ಮೆತ್ತಗಾದಾಗ ಮಾತ್ರ ಬಗ್ಗಿಸಬೇಕು. ಅದನ್ನ ನಾನಿದ್ದಾಗ ಮಾಡೋಣ" ಎಂದು ಹೇಳಿ ಅವರು ಕೊಯಮತ್ತೂರಿಗೆ ಮಗಳ ಮನೆಗೆ ಹೋದರು.

ನಾವು ಕಾಯಲಿಲ್ಲ. ಬರುವಷ್ಟರಲ್ಲಿ ನೆಟ್ಟಗೆ ಮಾಡಿ ತೋರಿಸೋಣ ಎಂದುಕೊಂಡು ಮೇಣದಬತ್ತಿ ಹಚ್ಚಿದೆವು. ಬಿದಿರು ಕಪ್ಪಾಯಿತು, ಅಂಟು ಬಿಟ್ಟು ಸೀಳುಗಳು ಬಾಯಿಬಿಟ್ಟವು. ಗಾಬರಿಯಲ್ಲಿ ಬಗ್ಗಿಸಿದೆವು. ಟಕ್ ಎಂದು ಮುರಿಯಿತು. ಯಾರ ಕೈಯಲ್ಲಿತ್ತು ಎಂದು ಇಲ್ಲಿ ಬರೆಯುವುದಿಲ್ಲ; ಏಳೂ ಮಂದಿ ಸುತ್ತ ನಿಂತಿದ್ದೆವು. ಆಮೇಲೆ ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಮುರಿದ ಜಾಗಕ್ಕೆ ಅಂಟು ಹಾಕಿ, ಮೇಲೆ ಹಸಿರು ರೇಷ್ಮೆ ದಾರ ಒತ್ತಾಗಿ ಸುತ್ತಿ, ಚೀಲದೊಳಗೆ ಇಟ್ಟುಬಿಟ್ಟೆವು.

ಇದರ ನಡುವೆ ಫ್ಲೈ ವಿನಿಮಯದ ದಿನ ಬಂತು. ತಾತ ಹೇಳಿಕೊಟ್ಟ ಲೆಕ್ಕ ಹೀಗೆ: ಏಳು ಜನ, ಒಬ್ಬೊಬ್ಬರೂ ಒಂದೇ ಬಗೆಯ ಏಳು ಫ್ಲೈ ಕಟ್ಟಬೇಕು, ಹೆಸರಿನ ಚೀಟಿ ಹಾಕಬೇಕು. ಎಲ್ಲ ಸೇರಿಸಿ ಹಂಚಿದರೆ ಪ್ರತಿಯೊಬ್ಬರಿಗೂ ಏಳು ಬಗೆ ಸಿಗುತ್ತದೆ. ಹುಂಜದ ಕುತ್ತಿಗೆಯ ಗರಿ, ಹಳೆಯ ಸ್ವೆಟರಿನ ಉಣ್ಣೆ, ಹೊಲಿಗೆ ದಾರ ಇಷ್ಟೇ ಸಾಮಾನು. ಕೇಳಲು ಸುಲಭ. ಆದರೆ ಮೊದಲನೆಯದರಂತೆ ಏಳನೆಯದು ಬರುವುದಿಲ್ಲ. ಗಾಳದ ಕಣ್ಣಿನ ತನಕ ದಾರ ಸುತ್ತಿಬಿಟ್ಟರೆ ಆಮೇಲೆ ಎಳೆ ಪೋಣಿಸಲು ತೂತೇ ಇರುವುದಿಲ್ಲ.

ತಾತ ಕನ್ನಡಕ ಹಾಕಿಕೊಂಡು ಡಬ್ಬಿಗಳನ್ನು ತೆರೆದರು. ಏಳು ಡಬ್ಬಿಯಲ್ಲೂ ಒಂದೇ ಕಥೆ: ಚೆಂದದ್ದು ಮೇಲೆ, ಕೆಟ್ಟದ್ದು ಅಡಿಯಲ್ಲಿ. ಮಾತಾಡಿಕೊಂಡು ಮಾಡಿದ್ದೇನೂ ಅಲ್ಲ! ಅವರು ನಕ್ಕರು. "ಕೆಟ್ಟದಾಗಿ ಕಟ್ಟಿದ್ರೆ ಬ್ಲೇಡಲ್ಲಿ ಕುಯ್ದು ಮತ್ತೆ ಕಟ್ಟಿ ಮಕ್ಕಳೇ, ಗಾಳವೇನೂ ಹಾಳಾಗಲ್ಲ. ಅಡಿಗೆ ಹಾಕಿದ್ರೆ ಅದು ಇನ್ನೊಬ್ಬರ ಪಾಲಿಗೆ ಹೋಗುತ್ತೆ, ಅಷ್ಟೆ."

ನಾವು ಯಾರೂ ಮುಖ ಎತ್ತಲಿಲ್ಲ. ಕೊನೆಗೆ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಎದ್ದು ಚೀಲ ತಂದು, "ತಾತ, ತುದಿ ಮುರಿದುಹೋಗಿದೆ" ಅಂದಳು. ಅವರು ಹಸಿರು ಸುತ್ತಿನ ಮೇಲೆ ಬೆರಳಾಡಿಸಿದರು. ಏನೂ ಹೇಳದೆ ಕೊಡೆ ತೆಗೆದುಕೊಂಡು ಹೊರಟುಹೋದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆ ವಾರ ನಮಗೆ ಬಹಳ ಉದ್ದವಾಯಿತು.

ಮುಂದಿನ ಭಾನುವಾರ ತಾತ ನ್ಯೂಸ್ ಪೇಪರಿನಲ್ಲಿ ಸುತ್ತಿದ ಒಂದು ಕಡ್ಡಿ ತಂದರು. ಬಿಚ್ಚಿದರೆ ಇನ್ನೊಂದು ತುದಿ! ತೆಳುವಾದ ತುದಿಯೇ ಮೊದಲು ಸವೆಯುವುದರಿಂದ ಇಂಥ ಕೋಲುಗಳಿಗೆ ಎರಡು ತುದಿ ಕೊಡುವುದು ವಾಡಿಕೆ. ಒಂದು ದಿನ ಒಂದು, ಮರುದಿನ ಇನ್ನೊಂದು. ಆದರೆ ಇದು ಮೂರಿಂಚು ಗಿಡ್ಡವಿತ್ತು. "ಹನ್ನೆರಡು ವರ್ಷದವನಿದ್ದಾಗ ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದೆ. ಅಪ್ಪ ಹುಡುಕಿದ್ರು. ಕಂಡಿಲ್ಲ ಅಂದೆ. ಅವರು ಇರೋ ತನಕ ಹೇಳಲಿಲ್ಲ. ನೀವು ಮೂರು ವಾರಕ್ಕೆ ಹೇಳಿದ್ರಿ" ಅಂದರು. ಕಣ್ಣು ಒರೆಸಿಕೊಂಡರು.

ಅವತ್ತು ಬೈಬಲ್ ಓದಲು ಮತ್ತಾಯ 17 ತೆಗೆದೆವು. ಪೇತ್ರನ ಮೀನುಗಾರಿಕೆ ಎಂದರೆ ನಮಗೆ ಬಲೆಯೇ ನೆನಪು. ಸುವಾರ್ತೆಗಳಲ್ಲಿ ಅವನು ಗಾಳ ಹಾಕುವುದು ಈ ಒಂದೇ ಕಡೆ, ಅದೂ ಕೊಡಬೇಕಾದ ತೆರಿಗೆ ಕೊಡಲು. ಕೊಡಬೇಕಾದ್ದನ್ನು ನಾವೂ ಕೊಟ್ಟೆವು, ತಡವಾಗಿ.

ಆ ಹಸಿರು ಸುತ್ತು ಬಿಚ್ಚಿ, ಸುಟ್ಟ ಭಾಗ ಕತ್ತರಿಸಿ, ತುದಿಯ ಉಂಗುರವನ್ನು ಮತ್ತೆ ಕೂರಿಸಿದ್ದೇವೆ. ನಮ್ಮದು ಐದಿಂಚು ಗಿಡ್ಡ, ತಾತನದು ಮೂರು. ನಾಲ್ಕೂ ಜೇಬು ಈಗ ತುಂಬಿವೆ. ಅನುಮತಿ ಇಲ್ಲದೆ ಹೊಳೆಗೆ ಗಾಳ ಹಾಕುವಂತಿಲ್ಲ, ಹಾಗಾಗಿ ಸದ್ಯಕ್ಕೆ ದಾರದ ತುದಿಗೆ ಉಣ್ಣೆ ಕಟ್ಟಿ ಚರ್ಚ್ ಮೈದಾನದ ಹುಲ್ಲಿನ ಮೇಲೆ ಎಸೆಯುತ್ತೇವೆ. ಸ್ವಲ್ಪ ಬಿರುಸು, ಆದರೆ ನೆಟ್ಟಗೆ ಹೋಗುತ್ತದೆ.

ಮುಂದಿನ ವಿನಿಮಯಕ್ಕೆ ಹತ್ತು ಜನ ಬೇಕು. ಮನೆಯಲ್ಲಿ ಹುಂಜ ಇರುವವರು ಉದುರಿದ ಗರಿ ಎತ್ತಿಡಿ. ಕೆಟ್ಟದಾಗಿ ಕಟ್ಟುವವರೂ ಬನ್ನಿ, ಬ್ಲೇಡು ನಮ್ಮಲ್ಲಿದೆ.