ಪುಟ್ಟನ ಅಳಗುಳಿಮಣೆ

ಮೇ ತಿಂಗಳ ಕೊನೆ. ಶಾಲೆ ಶುರುವಾಗಲು ಇನ್ನೂ ಹತ್ತು ದಿನವಿತ್ತು. ಬೆಂಗಳೂರಿನ ಮಗಳು ಮಕ್ಕಳಿಬ್ಬರನ್ನೂ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಬಿಟ್ಟು ಹೋದಳು. ದೊಡ್ಡವಳಿಗೆ ಒಂಬತ್ತು ವರ್ಷ, ಪುಟ್ಟನಿಗೆ ಒಂದೂವರೆ. ಹೊರಡುವಾಗ, "ಅಮ್ಮಾ, ಮೊಬೈಲ್ ಇಲ್ಲದೆ ಇವನು ಊಟ ಮಾಡೋದಿಲ್ಲ, ಬೈಬೇಡ" ಎಂದಳು. ನಾನು ಬೈದೇ ಕಳಿಸಿದೆ. ಒಂದು ವರ್ಷದ ಮಕ್ಕಳಿಗೆ ಮೊಬೈಲು, ಟೀವಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದ್ದೆನಲ್ಲ, ಅದನ್ನೂ ಸೇರಿಸಿ ಬೈದೆ.

ಮೂರನೆಯ ದಿನ ನಾನೇ ಪುಟ್ಟನ ಕೈಗೆ ಮೊಬೈಲ್ ಕೊಟ್ಟೆ. ಅನ್ನದ ಬಟ್ಟಲು ಹಿಡಿದು ಮುಕ್ಕಾಲು ಗಂಟೆ ಮಗುವಿನ ಹಿಂದೆ ಓಡಿದವರಿಗೆ ಆ ಕಷ್ಟ ಗೊತ್ತು.

ಮಾರನೆಯ ದಿನ ಗಾಳಿಮಳೆ. ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. ಸಂಜೆಗೆ ಮೊಬೈಲೂ ಸತ್ತಿತು. ಅಂಗಳಕ್ಕೆ ಇಳಿಯುವಂತಿಲ್ಲ. ದೊಡ್ಡವಳು ಮುಖ ಊದಿಸಿ ಕೂತಿದ್ದನ್ನು ನೋಡಿ, ಇವರು ಅಟ್ಟದಿಂದ ಅಳಗುಳಿಮಣೆ ಇಳಿಸಿದರು. ಏಳೇಳು ಗುಳಿಯ ಎರಡು ಸಾಲು. ನಮ್ಮ ಮನೆಯ ಲೆಕ್ಕದಲ್ಲಿ ಗುಳಿಗೆ ಐದು ಹುಣಸೆಬೀಜ, ಒಟ್ಟು 70. ಅಜ್ಜ ಮೊಮ್ಮಗಳು ಲಾಟೀನಿನ ಬೆಳಕಿನಲ್ಲಿ ಎದುರುಬದುರು ಕೂತರು. ಪುಟ್ಟ ಮಧ್ಯೆ ಕೈ ಹಾಕುವುದು, ಅಕ್ಕ ಅವನ ಕೈ ಸರಿಸುವುದು ನಡೆದೇ ಇತ್ತು.

ಆಟ ಮುಗಿದ ಮೇಲೆ ಬೀಜ ಎಣಿಸಿದರೆ 69!

ಮಣೆಯ ಅಡಿ ನೋಡಿದೆವು, ಚಾಪೆ ಕೊಡವಿದೆವು. ಪುಟ್ಟ ಮಾತ್ರ ಸದ್ದಿಲ್ಲದೆ ಗೋಡೆಗೆ ಒರಗಿ ನಿಂತಿದ್ದ. ಕೆನ್ನೆ ಒಂದು ಕಡೆ ಉಬ್ಬಿತ್ತು. ನನ್ನ ಕೈಕಾಲು ತಣ್ಣಗಾದವು. ಜೋರಾಗಿ ಕೂಗಿದರೆ ಬೆಚ್ಚಿ ಒಳಗೆ ಎಳೆದುಕೊಂಡಾನು ಎಂದು ಮೆಲ್ಲಗೆ ಹತ್ತಿರ ಹೋಗಿ, ಅವನನ್ನು ಮುಂದಕ್ಕೆ ಬಗ್ಗಿಸಿ, "ಆ ಮಾಡು ಚಿನ್ನಾ" ಎಂದೆ. ಬೀಜ ಕೆನ್ನೆಯ ಪಕ್ಕದಲ್ಲೇ ಕಾಣುತ್ತಿತ್ತು, ತೆಗೆದೆ. ಕಾಣದಿದ್ದರೆ ಬೆರಳು ಹಾಕಿ ತಡಕಾಡಲೇಬಾರದು, ಇನ್ನೂ ಒಳಕ್ಕೆ ಹೋಗಿ ಉಸಿರು ಕಟ್ಟಬಹುದು.

ಆಮೇಲೆ ನಾನು ಮಾಡಿದ್ದು ಮಾತ್ರ ಸರಿಯಲ್ಲ. "ನಿನಗೆ ಬುದ್ಧಿ ಬೇಡವೇನೇ? ತಮ್ಮನ ಮೇಲೆ ಒಂದು ಕಣ್ಣಿಡಬಾರದಾ?" ಎಂದು ದೊಡ್ಡವಳ ಮೇಲೆ ಹರಿಹಾಯ್ದೆ. ಅವಳು ತುಟಿ ಬಿಗಿಹಿಡಿದು ಎದ್ದುಹೋದಳು. ಮಗುವನ್ನು ನೋಡಿಕೊಳ್ಳಬೇಕಾದವಳು ನಾನು. ಮೂರು ಹೆಜ್ಜೆ ಆಚೆ ಬತ್ತಿ ಹೊಸೆಯುತ್ತಾ ಕೂತಿದ್ದವಳೂ ನಾನೇ. ಇವರು ಒಂದು ಮಾತೂ ಆಡಲಿಲ್ಲ, ನನ್ನ ಮುಖ ನೋಡಿದರು ಅಷ್ಟೆ. ರಾತ್ರಿ ಅವಳ ಪಕ್ಕ ಮಲಗಿ, "ತಪ್ಪು ನಂದು ಪುಟ್ಟಿ" ಎಂದೆ. ನಿದ್ದೆ ಬಂದವಳಂತೆ ಮಲಗಿದ್ದಳು. ಬಂದಿರಲಿಲ್ಲ ಎಂದು ನನಗೆ ಗೊತ್ತು.

ಬೆಳಿಗ್ಗೆ ನಾನು ಏಳುವುದರೊಳಗೆ ಅಡುಗೆಮನೆಯಲ್ಲಿ ಸದ್ದು. ನೋಡಿದರೆ ಇಡ್ಲಿ ಸ್ಟ್ಯಾಂಡು ಬಿಚ್ಚಿ, ನಾಲ್ಕೂ ತಟ್ಟೆ ನೆಲದ ಮೇಲೆ ಸಾಲಾಗಿ ಇಟ್ಟಿದ್ದಾಳೆ. ಪಕ್ಕದಲ್ಲಿ ಹಿತ್ತಲಿನ ನಿಂಬೆಹಣ್ಣು. "ಅಜ್ಜಿ, ಇದು ಪುಟ್ಟನ ಅಳಗುಳಿಮಣೆ. ಇದು ಬಾಯೊಳಗೆ ಹೋಗಲ್ಲ ತಾನೆ?" ಎಂದಳು. ನನಗೆ ಮಾತೇ ಹೊರಡಲಿಲ್ಲ. ದಪ್ಪ ಹಣ್ಣುಗಳನ್ನಷ್ಟೇ ಆರಿಸಿ ಕೊಟ್ಟೆ.

ಪುಟ್ಟ ಒಂದೊಂದೇ ನಿಂಬೆಹಣ್ಣನ್ನು ಗುಳಿಗೆ ಇಟ್ಟ, ತೆಗೆದ, ಮತ್ತೆ ಇಟ್ಟ. ಒಂದು ಉರುಳಿ ಒಲೆಯ ಕಡೆ ಹೋದರೆ ಅದರ ಹಿಂದೆ ಹೋದ. ಹಣ್ಣು ಸಾಲದಾದಾಗ ಈರುಳ್ಳಿ, ಆಲೂಗಡ್ಡೆ ಬಂದವು. (ಟೊಮ್ಯಾಟೊ ಕೊಡಬೇಡಿ. ನಾನು ಕೊಟ್ಟು, ಎರಡು ಸಲ ನೆಲ ಒರೆಸಿದೆ.) ನಡುನಡುವೆ ನಾನು ಇಟ್ಟ ತುತ್ತಿಗೆ ಬಾಯಿ ತೆರೆದ. ಬಟ್ಟಲು ಪೂರ್ತಿ ಖಾಲಿಯಾಯಿತು ಎಂದರೆ ಸುಳ್ಳಾಗುತ್ತದೆ, ಅರ್ಧಕ್ಕಿಂತ ಹೆಚ್ಚೇ ಆಯಿತು.

ಆಮೇಲಿನ ದಿನಗಳಲ್ಲಿ ಅಕ್ಕನೇ ಮೇಷ್ಟ್ರು. ಸ್ಟೀಲ್ ಡಬ್ಬಿಗಳನ್ನು ಒಂದರೊಳಗೊಂದು ಇಡುವುದು, ದೊಡ್ಡ ಡಬ್ಬಿಯೊಳಗೆ ನನ್ನ ಹಳೆಯ ಸೀರೆ ತುರುಕಿಟ್ಟು ಅವನ ಕೈಯಲ್ಲಿ ಎಳೆಸುವುದು. ಆರು ಮೊಳ ಎಳೆದರೂ ಸೀರೆ ಮುಗಿಯದಿದ್ದಾಗ ಅವನ ಮುಖ ನೋಡಬೇಕಿತ್ತು! ಆಟ ಮುಗಿದ ತಕ್ಷಣ ಸೀರೆ ಮಡಚಿ ಒಳಗಿಡುತ್ತಿದ್ದೆ, ಕುತ್ತಿಗೆಗೆ ಸುತ್ತಿಕೊಂಡರೆ ಕಷ್ಟ. ಅಗಲ ಬೋಗುಣಿಯಲ್ಲಿ ನಾಲ್ಕು ಲೋಟ ನೀರು ಹಾಕಿ ಸೌಟು ಕೊಟ್ಟರೆ ಅರ್ಧ ಗಂಟೆ ಮೊಗೆಯುತ್ತಿದ್ದ. ಅಷ್ಟು ನೀರಾದರೂ ಸರಿ, ನಾನು ಪಕ್ಕದಿಂದ ಏಳುತ್ತಿರಲಿಲ್ಲ. ಬತ್ತಿಯೂ ಹೊಸೆಯುತ್ತಿರಲಿಲ್ಲ.

ಕರೆಂಟು ಬಂತು, ಮೊಬೈಲೂ ಚಾರ್ಜ್ ಆಯಿತು. ಪುಟ್ಟ ಒಂದೆರಡು ಸಲ ಅದನ್ನು ಕೇಳಿ ಅತ್ತ. ಆಗೆಲ್ಲ ಅಕ್ಕ ಇಡ್ಲಿ ತಟ್ಟೆ ಬಡಿದು ಕರೆಯುತ್ತಿದ್ದಳು.

ಮಗಳು ಬಂದು ಮಕ್ಕಳನ್ನು ಕರೆದುಕೊಂಡು ಹೋದ ಮಾರನೆಯ ದಿನ ಬೆಂಗಳೂರಿನಿಂದ ಫೋನು. "ಅಮ್ಮಾ, ಬ್ಯಾಗಿನಲ್ಲಿ ನಿನ್ನದೊಂದು ಇಡ್ಲಿ ತಟ್ಟೆ ಬಂದಿದೆಯಲ್ಲೇ! ಯಾರು ಹಾಕಿದ್ದು?" ಹಿಂದಿನಿಂದ ದೊಡ್ಡವಳು ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

ಈಗ ನಮ್ಮ ಮನೆಯಲ್ಲಿ ಒಂದು ಸಲಕ್ಕೆ ಹನ್ನೆರಡೇ ಇಡ್ಲಿ.