ಹೊಸಮನೆಯವರ ಮದುವೆಗೆ

ಭೂಪಟದಲ್ಲಿ ಬಾಸ್ಕ್ ನಾಡು ಒಂದು ದೇಶವಾಗಿ ಕಾಣಿಸುವುದಿಲ್ಲ. ಪಿರಿನೀಸ್ ಬೆಟ್ಟಸಾಲು ಅಟ್ಲಾಂಟಿಕ್ ಸಾಗರದತ್ತ ಇಳಿಯುವ ಮೂಲೆಯಲ್ಲಿ ಅದರ ನಾಲ್ಕು ಸೀಮೆಗಳು ಸ್ಪೇನ್‌ನಲ್ಲಿವೆ, ಮೂರು ಫ್ರಾನ್ಸ್‌ನಲ್ಲಿವೆ. ಈ ಏಳು ಸೀಮೆಗಳನ್ನು ಒಂದು ನಾಡೆಂದು ಕರೆಯಲು ಮೊದಲ ಆಧಾರ ಅಲ್ಲಿನ ಭಾಷೆ, ಎವುಸ್ಕರಾ. ಜಗತ್ತಿನ ಬೇರೆ ಯಾವ ಜೀವಂತ ಭಾಷೆಯೊಂದಿಗೂ ಅದರ ನೆಂಟಸ್ತಿಕೆ ಇದುವರೆಗೆ ಸಿದ್ಧವಾಗಿಲ್ಲ.

ಕುಟುಂಬಸ್ನೇಹಿತರ ಮದುವೆಗೆಂದು ಈ ನಾಡಿಗೆ ಹೊರಟವರು ಮೊದಲು ತಿಳಿಯಬೇಕಾದ ಪದ ‘ಎಚೆ’, ಅಂದರೆ ಮನೆ. ‘ಎಚೆರ’ ಎಂದರೆ ಮನೆಗೆ, ‘ಎಚೆತಿಕ್’ ಎಂದರೆ ಮನೆಯಿಂದ. ಕನ್ನಡದಂತೆ ಇಲ್ಲಿಯೂ ವಿಭಕ್ತಿ ಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಬಾಸ್ಕ್ ಅಡ್ಡಹೆಸರುಗಳಲ್ಲಿ ಬಹಳಷ್ಟು ಮನೆಯ ಹೆಸರುಗಳೇ. ‘ಎಚೆ’ಗೆ ಹೊಸದು ಎಂಬರ್ಥದ ‘ಬೆರ್ರಿ’ ಸೇರಿ ಎಚೆಬೆರ್ರಿಯ ಎಂಬ ಹೆಸರಾಯಿತು. ಅದು ಕನ್ನಡಿಗರ ‘ಹೊಸಮನೆ’ಯೇ. ಇದೇ ಹೆಸರು ಸವೆದು ಹಾವಿಯೆರ್ ಆಯಿತು, ಕ್ಸೇವಿಯರ್ ಆಯಿತು. ನವಾರ ಸೀಮೆಯ ಹಾವಿಯೆರ್ ಕೋಟೆಯಲ್ಲಿ 1506ರಲ್ಲಿ ಹುಟ್ಟಿದ ಸಂತ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಗೋವೆಗೆ ಬಂದರು. ಅವರ ಪಾರ್ಥಿವ ಶರೀರ ಇಂದು ಹಳೆ ಗೋವೆಯ ಬಾಮ್ ಜೀಸಸ್ ಬೆಸಿಲಿಕಾದಲ್ಲಿದೆ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಮಕ್ಕಳಿಗೆ ಇಡುವ ಕ್ಸೇವಿಯರ್ ಎಂಬ ಹೆಸರಿನೊಳಗೆ ಒಂದು ಬಾಸ್ಕ್ ಮನೆ ಹೀಗೆ ಉಳಿದುಕೊಂಡಿದೆ.

ಪ್ರಯಾಣ ಹೆಚ್ಚಾಗಿ ಬಿಲ್ಬಾವೊ ನಗರದಿಂದ ಶುರುವಾಗುತ್ತದೆ. ಒಂದು ಕಾಲಕ್ಕೆ ಇದು ಕಬ್ಬಿಣ ಮತ್ತು ಹಡಗು ಕಟ್ಟುವ ಊರು. ಆ ಕೈಗಾರಿಕೆಗಳು ಸೊರಗಿದ ಮೇಲೆ ಹಳೆಯ ಬಂದರಿನ ಜಾಗದಲ್ಲಿ 1997ರಲ್ಲಿ ಫ್ರಾಂಕ್ ಗೆರಿ ವಿನ್ಯಾಸದ ಗುಗೆನ್‌ಹೈಮ್ ಕಲಾಸಂಗ್ರಹಾಲಯ ತೆರೆಯಿತು. ಇಲ್ಲಿಂದ ಸಾನ್ ಸೆಬಾಸ್ಟಿಯನ್‌ಗೆ, ಬಾಸ್ಕರ ಬಾಯಲ್ಲಿ ದೊನೊಸ್ತಿಯಕ್ಕೆ, ಬಸ್ಸಿನಲ್ಲಿ ಒಂದೂಕಾಲು ಗಂಟೆ ಸಾಕು. ಸಮಯವಿದ್ದವರು ಎರಡೂವರೆ ಗಂಟೆಗೂ ಹೆಚ್ಚು ಹಿಡಿಯುವ ಮೀಟರ್ ಗೇಜ್ ರೈಲನ್ನೇ ಹತ್ತಬೇಕು. ದುರಾಂಗೊ, ಐಬಾರ್ ದಾಟಿ ದೇಬಾ ಊರಿನಲ್ಲಿ ಅದು ಸಮುದ್ರವನ್ನು ಮುಟ್ಟುತ್ತದೆ. ದಾರಿಯುದ್ದಕ್ಕೂ ಹಸಿರು ಗುಡ್ಡಗಳ ಮೇಲೆ ಒಂದೊಂದೇ ಮನೆ ಕಾಣುತ್ತದೆ: ಕಲ್ಲಿನ ಗೋಡೆ, ಅಗಲವಾದ ಹೆಂಚಿನ ಸೂರು. ಇವೇ ‘ಬಸೆರ್ರಿ’ ಎಂಬ ಒಕ್ಕಲು ಮನೆಗಳು. ಹಿಂದೆ ಕೆಳಗೆ ದನಕರು, ಮೇಲೆ ಹುಲ್ಲುಧಾನ್ಯ, ನಡುವೆ ಜನ. ಆಸ್ತಿ ಹೋಳಾಗದಂತೆ ಮನೆಯನ್ನು ಒಬ್ಬರಿಗೇ ಒಪ್ಪಿಸುವುದು ರೂಢಿಯಾಗಿತ್ತು. ಅನೇಕ ಕಡೆ ಮಗಳಿಗೂ ಆ ಹಕ್ಕು ದಕ್ಕುತ್ತಿತ್ತು. ಉಳಿದ ಮಕ್ಕಳು ಮಠಕ್ಕೋ ಹಡಗಿಗೋ ಅಮೆರಿಕಕ್ಕೋ ಹೋಗಬೇಕಿತ್ತು. ಇಂಥ ಮನೆಯ ಬಾಗಿಲಿಗೆ ಒಣಗಿದ ದೊಡ್ಡ ಮುಳ್ಳುಹೂವೊಂದನ್ನು ಬಡಿದಿರುತ್ತಾರೆ. ಅದರ ಹೆಸರು ‘ಎಗುಸ್ಕಿಲೊರೆ’, ಸೂರ್ಯನ ಹೂ. ರಾತ್ರಿ ಬರುವ ದುಷ್ಟಶಕ್ತಿ ಅದರ ಎಳೆಗಳನ್ನೆಲ್ಲ ಎಣಿಸಿಯೇ ಒಳಗೆ ಬರಬೇಕು, ಎಣಿಕೆ ಮುಗಿಯುವಷ್ಟರಲ್ಲಿ ಬೆಳಗಾಗುತ್ತದೆ ಎಂಬುದು ನಂಬಿಕೆ.

ದೊನೊಸ್ತಿಯದಿಂದ ಹೆಂದಾಯಕ್ಕೆ ಹೋಗುವ ರೈಲು ಸುರಂಗಗಳನ್ನು ಹೊಕ್ಕು ಹೊರಬರುತ್ತ ಬಿದಾಸೊವ ನದಿ ದಾಟಿ ಫ್ರಾನ್ಸ್ ಸೇರುತ್ತದೆ. ನದಿಯ ನಡುವೆ ಫೆಸೆಂಟ್ ದ್ವೀಪವೆಂಬ ಜನವಸತಿಯಿಲ್ಲದ ತುಂಡು ನೆಲವಿದೆ. ಫೆಬ್ರವರಿಯಿಂದ ಜುಲೈವರೆಗೆ ಅದು ಸ್ಪೇನ್‌ನ ಆಡಳಿತದಲ್ಲಿರುತ್ತದೆ, ಉಳಿದ ಆರು ತಿಂಗಳು ಫ್ರಾನ್ಸ್‌ನ ಆಡಳಿತದಲ್ಲಿ. 1659ರಲ್ಲಿ ಎರಡೂ ರಾಜ್ಯಗಳು ಯುದ್ಧ ನಿಲ್ಲಿಸಿ ಒಪ್ಪಂದ ಮಾಡಿಕೊಂಡದ್ದು ಇಲ್ಲಿಯೇ. ಮರುವರ್ಷ ಸ್ಪೇನ್ ದೊರೆ ತನ್ನ ಮಗಳು ಮಾರಿಯಾ ತೆರೇಸಾಳನ್ನು ಫ್ರಾನ್ಸಿಗೆ ಒಪ್ಪಿಸಿಕೊಟ್ಟದ್ದೂ ಇಲ್ಲಿಯೇ. 1660ರ ಜೂನ್ 9ರಂದು ಹತ್ತಿರದ ಸೇಂಟ್ ಜಾನ್ ದ ಲೂಜ್ ಊರಿನ ಚರ್ಚಿನಲ್ಲಿ ಫ್ರಾನ್ಸ್ ದೊರೆ ಹದಿನಾಲ್ಕನೆಯ ಲೂಯಿಯೊಂದಿಗೆ ಆಕೆಯ ಮದುವೆಯಾಯಿತು. ಆ ಜೋಡಿ ಹೊರಬಂದ ಬಾಗಿಲೆಂದು ಹೇಳುವ ದ್ವಾರ ಇಂದು ಕಲ್ಲು ಕಟ್ಟಿ ಮುಚ್ಚಿದ ಸ್ಥಿತಿಯಲ್ಲಿದೆ.

ಅದೇ ಚರ್ಚಿನ ಒಳಗೆ ಗೋಡೆಗುಂಟ ಮರದ ಅಟ್ಟಣೆಗಳು ಒಂದರ ಮೇಲೊಂದು ಏರಿವೆ. ಹಿಂದೆ ಅವು ಗಂಡಸರ ಜಾಗವಾಗಿದ್ದವು. ಕೆಳಗಿನ ನೆಲ ಹೆಂಗಸರದಾಗಿತ್ತು. ಹಳೆಯ ಬಾಸ್ಕ್ ಚರ್ಚುಗಳ ನೆಲದಲ್ಲಿ ಒಂದೊಂದು ಮನೆಗೂ ಒಂದೊಂದು ಗೊತ್ತಾದ ಜಾಗವಿತ್ತು. ಮನೆಯ ಯಜಮಾನಿ ಅಲ್ಲಿ ಕೂತು, ಕೆತ್ತಿದ ಹಲಗೆಗೆ ಸುತ್ತಿದ ಮೇಣದ ಬತ್ತಿಯನ್ನು ಮನೆಯ ಗತಿಸಿದವರಿಗಾಗಿ ಹಚ್ಚುತ್ತಿದ್ದಳು. ಮದುವೆಯಾಗಿ ಬಂದವರು ಮನೆಯ ಬದುಕಿರುವವರನ್ನಷ್ಟೇ ಅಲ್ಲ, ಹೋದವರನ್ನೂ ನೋಡಿಕೊಳ್ಳುವ ಹೊಣೆ ಹೊರುತ್ತಿದ್ದರು.

ಈಗಿನ ಮದುವೆ ಚರ್ಚಿನಲ್ಲೂ ನಡೆಯುತ್ತದೆ, ಪುರಭವನದಲ್ಲೂ ನಡೆಯುತ್ತದೆ. ಫ್ರಾನ್ಸ್ ಭಾಗದಲ್ಲಿ ಕಾನೂನಿನಂತೆ ಪುರಭವನದ್ದೇ ಮೊದಲು. ಸ್ಪೇನ್ ಭಾಗದಲ್ಲಿ ಸರ್ವಾಧಿಕಾರಿ ಫ್ರಾಂಕೊನ ಆಡಳಿತ ಶಾಲೆ ಕಚೇರಿಗಳಿಂದ ಹೊರದಬ್ಬಿದ್ದ ಎವುಸ್ಕರಾಕ್ಕೆ 1979ರ ಸ್ವಾಯತ್ತತಾ ಶಾಸನ ನವಾರ ಬಿಟ್ಟು ಉಳಿದ ಮೂರು ಸೀಮೆಗಳಲ್ಲಿ ಅಧಿಕೃತ ಸ್ಥಾನ ಕೊಟ್ಟಿತು. ಅಜ್ಜ ಅಜ್ಜಿಯರು ಮನೆಯೊಳಗೆ ಕಾಪಾಡಿದ ನುಡಿಯಲ್ಲಿ ಮೊಮ್ಮಕ್ಕಳು ಎಲ್ಲರೆದುರು ಮದುವೆಯ ಮಾತು ಕೊಡುವುದು ಸಣ್ಣ ಸಂಗತಿಯಲ್ಲ.

ವಧೂವರರು ಹೊರಬಂದಾಗ ಸ್ಪೇನ್‌ನ ಉಳಿದೆಡೆಯಂತೆ ಇಲ್ಲಿಯೂ ಅಕ್ಕಿ ಎರಚುತ್ತಾರೆ. ಅಕ್ಷತೆ ಕಂಡ ಕಣ್ಣಿಗೆ ಅದರ ಅರ್ಥ ಹೇಳಬೇಕಿಲ್ಲ. ಅನಂತರ ‘ಅವುರೆಸ್ಕು’ ಎಂಬ ಗೌರವದ ಕುಣಿತ. ಚಿಸ್ತು ಎಂಬ ಕೊಳಲಿಗೆ ಮೂರೇ ರಂಧ್ರ. ವಾದಕ ಅದನ್ನು ಎಡಗೈಯೊಂದರಲ್ಲೇ ನುಡಿಸುತ್ತಾನೆ. ಅದೇ ತೋಳಿಗೆ ತೂಗುಬಿಟ್ಟ ಪುಟ್ಟ ಡೋಲನ್ನು ಬಲಗೈಯ ಕೋಲಿನಿಂದ ಬಾರಿಸುತ್ತಾನೆ. ಬಿಳಿ ಉಡುಪು, ಕೆಂಪು ನಡುಪಟ್ಟಿಯ ನರ್ತಕ ಟೋಪಿ ತೆಗೆದು ಜೋಡಿಗೆ ತಲೆಬಾಗಿ, ಬೆನ್ನು ನೆಟ್ಟಗಿಟ್ಟುಕೊಂಡೇ ಕಾಲನ್ನು ತಲೆಯೆತ್ತರಕ್ಕೆ ಚಿಮ್ಮುತ್ತಾನೆ. ಅಷ್ಟು ಹೊತ್ತೂ ಸೇರಿದವರು ಮೌನವಾಗಿ ನಿಂತಿರುತ್ತಾರೆ, ಅತಿಥಿಯೂ ನಿಲ್ಲಬೇಕು.

ಊಟ ಗಂಟೆಗಟ್ಟಲೆ ನಡೆಯುತ್ತದೆ. ಪ್ರಧಾನ ಅಡುಗೆ ಮೀನಿನದು. ‘ಪಿಲ್ ಪಿಲ್’ ಎಂಬ ಖಾದ್ಯದಲ್ಲಿ ಕಾಡ್ ಮೀನನ್ನು ಆಲಿವ್ ಎಣ್ಣೆ, ಬೆಳ್ಳುಳ್ಳಿಯೊಂದಿಗೆ ಸಣ್ಣ ಉರಿಯಲ್ಲಿಟ್ಟು ಪಾತ್ರೆಯನ್ನು ಬಿಡದೆ ತಿರುವುತ್ತಾರೆ. ಮೀನು ಬಿಟ್ಟ ಅಂಟಿನಿಂದ ಎಣ್ಣೆಯೇ ಗಟ್ಟಿ ಗೊಜ್ಜಾಗುತ್ತದೆ. ತೊಲೊಸಾದ ಕರಿ ಹುರುಳಿಕಾಯಿ ಬೀಜದ ಸಾರಿಗೆ ಹಂದಿಮಾಂಸ ಸೇರಿಸುವುದು ವಾಡಿಕೆ. ಸಸ್ಯಾಹಾರಿಗಳು ಮುಂಚೆಯೇ ತಿಳಿಸುವುದು ಒಳ್ಳೆಯದು. ಉಡುಗೊರೆಯಾಗಿ ಹಣ ಕೊಡುವುದೇ ಹೆಚ್ಚು. ಮುಯ್ಯಿಯ ಪದ್ಧತಿ ಬಲ್ಲವರಿಗೆ ಇದು ಹೊಸದಲ್ಲ.

ಊಟದ ನಡುವೆ ಯಾರೋ ಎದ್ದು ‘ಗೊರ ಎಸ್ಕೊನ್‌ಬೆರ್ರಿಯಕ್!’ ಎಂದು ಕೂಗುತ್ತಾರೆ. ಹೊಸ ದಂಪತಿಗೆ ಜಯವಾಗಲಿ ಎಂದರ್ಥ. ಅತಿಥಿಯೂ ದನಿಗೂಡಿಸಬೇಕು. ಆ ಕೂಗಿನಲ್ಲಿರುವ ‘ಬೆರ್ರಿ’ ಹೊಸಮನೆಯ ‘ಹೊಸ’ವೇ.